ಫ್ರಿಜ್ ಇಲ್ಲದ ಬಾಡಿಗೆ ಕೋಣೆಯಲ್ಲಿ ಅಡುಗೆ ಮತ್ತು ದಾಸ್ತಾನು

ಧಾರವಾಡದ ಸಪ್ತಾಪುರದ ಸುತ್ತಮುತ್ತ ವಿದ್ಯಾರ್ಥಿಗಳಿಗೆಂದು ಬಾಡಿಗೆಗೆ ಕೊಡುವ ಕೋಣೆಗಳಲ್ಲಿ ಪ್ರತ್ಯೇಕ ಅಡುಗೆಮನೆ ಇರುವುದು ಅಪರೂಪ. ಕಿಟಕಿಯ ಕೆಳಗೊಂದು ಕಡಪಾ ಕಲ್ಲಿನ ಕಟ್ಟೆ, ಅದರ ಮೇಲೆ ಒಂದು ಒಲೆ ಮತ್ತು ಒಂದು ಕುಕ್ಕರ್ ಕೂಡುವಷ್ಟು ಜಾಗ, ಗೋಡೆಯಲ್ಲಿ ಬಾಗಿಲಿಲ್ಲದ ಎರಡು ಖಾನೆ, ಪಾತ್ರೆ ತೊಳೆಯಲು ಬಚ್ಚಲು. ಇಷ್ಟಿದ್ದರೆ ಮಾಲಕರು ‘ಕಿಚನ್ ಐತಿ’ ಎಂದು ಹೇಳಿ ಬಾಡಿಗೆಯನ್ನು ಒಂದಿಷ್ಟು ಏರಿಸುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಉತ್ತರ ಕರ್ನಾಟಕದ ನಾನಾ ಜಿಲ್ಲೆಗಳಿಂದ ಬಂದವರೂ, ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದುವವರೂ ಇಂಥ ಕೋಣೆಗಳಲ್ಲಿ ಇಬ್ಬರು ಮೂವರು ಸೇರಿ ಇರುತ್ತಾರೆ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಸ್ನಾತಕೋತ್ತರ ಓದಿಗೆ ಬಂದ ನಾನೂ ಅವರಲ್ಲೊಬ್ಬ. ಖಾನಾವಳಿಯಲ್ಲಿ ಎರಡೂ ಹೊತ್ತು ಉಂಡರೆ ತಿಂಗಳ ಕೊನೆಯ ವಾರಕ್ಕೆ ಕೈ ಖಾಲಿಯಾಗುತ್ತದೆ ಎಂಬ ಲೆಕ್ಕ ಮೊದಲ ಸೆಮಿಸ್ಟರಿನಲ್ಲೇ ಎಲ್ಲರಿಗೂ ತಿಳಿಯುತ್ತದೆ. ಆಗ ಒಲೆ ಬರುತ್ತದೆ, ಕುಕ್ಕರ್ ಬರುತ್ತದೆ. ಫ್ರಿಜ್ ಮಾತ್ರ ಬರುವುದಿಲ್ಲ.

ಇಂಥ ಅಡುಗೆಮನೆಯಲ್ಲಿ ದುಡ್ಡು ಹೆಚ್ಚಾಗಿ ಸೋರುವುದು ಕೊಂಡ ಪದಾರ್ಥ ಕೆಟ್ಟುಹೋಗುವುದರಿಂದ. ಅಗ್ಗವಾಗಿ ಸಿಕ್ಕಿತೆಂದು ಎರಡು ಕಿಲೋ ಟೊಮೆಟೊ ತಂದು ಅರ್ಧವನ್ನು ತಿಪ್ಪೆಗೆ ಹಾಕುವವರು, ರಾತ್ರಿಗೂ ಇರಲಿ ಎಂದು ಬೆಳಿಗ್ಗೆಯೇ ಒಂದು ಕುಕ್ಕರ್ ಅನ್ನ ಮಾಡಿ ಸಂಜೆ ವಾಸನೆ ನೋಡಿ ಚೆಲ್ಲುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಆದ್ದರಿಂದ ‘ಇಂದು ಏನು ಮಾಡೋಣ’ ಎಂದು ಯೋಚಿಸುವ ಮೊದಲು, ಕೊಳ್ಳುವ ಪ್ರತಿಯೊಂದು ಪದಾರ್ಥದಲ್ಲಿ ಎಷ್ಟು ನೀರಿದೆ ಮತ್ತು ಆ ನೀರು ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ನೋಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಣಗಿದ್ದು ತಿಂಗಳುಗಟ್ಟಲೆ ಇರುತ್ತದೆ. ಉಪ್ಪು, ಹುಳಿ, ಎಣ್ಣೆ ಸೇರಿದ್ದು ವಾರಗಟ್ಟಲೆ ತಾಳುತ್ತದೆ. ಬೆಂದು ಹಸಿಯಾಗಿರುವುದಕ್ಕೆ ಕೆಲವು ತಾಸುಗಳ ಆಯುಷ್ಯವಷ್ಟೇ. ಆಹಾರ ವಿಜ್ಞಾನದಲ್ಲಿ ಪದಾರ್ಥದಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಗುವಂತಿರುವ ನೀರನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಆ ಅಳತೆ 0.9ರ ಸುತ್ತ ಇಳಿದರೆ ಬಹುತೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ, 0.6ಕ್ಕಿಂತ ಕೆಳಗಿಳಿದರೆ ಬೂಸ್ಟು ಕೂಡ ಹಿಡಿಯುವುದಿಲ್ಲ. ನಮ್ಮ ಊರ ಹೆಣ್ಣುಮಕ್ಕಳು ಈ ಅಳತೆಯ ಹೆಸರು ಕೇಳಿಲ್ಲ, ಆದರೆ ಅವರು ಕಟ್ಟಿಕೊಡುವ ಬುತ್ತಿಯಲ್ಲಿ ಅದನ್ನು ಮೀರಿದ ಪದಾರ್ಥ ಒಂದೂ ಇರುವುದಿಲ್ಲ.

ಬುತ್ತಿಯ ಮಾತು ಬಂದದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ನಮ್ಮ ಕಡೆಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಐದಾರು ತಾಸಿನ ದಾರಿ. ಊರಿನ ನಿಲ್ದಾಣದಲ್ಲಿ ಚಾಲಕರ ಅಥವಾ ನಿರ್ವಾಹಕರ ಕೈಗೆ ಬಟ್ಟೆಯ ಗಂಟು ಕೊಟ್ಟು, ಬಸ್ಸಿನ ನಂಬರನ್ನು ಮಗನಿಗೆ ಫೋನು ಮಾಡಿ ಹೇಳಿದರೆ, ಸಂಜೆ ಅವನು ಧಾರವಾಡದ ನಿಲ್ದಾಣದಲ್ಲಿ ನಿಂತು ಅದನ್ನು ಇಳಿಸಿಕೊಳ್ಳುವ ಪದ್ಧತಿ ಹಿಂದಿನಿಂದಲೂ ನಡೆದು ಬಂದಿದೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಗಂಟಿನ ಜೊತೆಗೆ ಅವ್ವಂದಿರೇ ಬಂದು, ಕೋಣೆಯ ಅವ್ಯವಸ್ಥೆಯನ್ನು ಕಣ್ಣಾರೆ ಕಂಡು, ನಾಲ್ಕು ಮಾತು ಬೈದು ಹೋಗುವುದೂ ಉಂಟು. ಗಂಟಿನಲ್ಲಿ ಇರುವುದು ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ), ಗುರೆಳ್ಳು ಹಿಂಡಿ, ಒಂದು ಡಬ್ಬಿ ಉಪ್ಪಿನಕಾಯಿ, ಮಸಾಲೆ ಖಾರ, ಬಾಳಕದ ಮೆಣಸಿನಕಾಯಿ. ಇವುಗಳಲ್ಲಿ ಯಾವುದಕ್ಕೂ ಫ್ರಿಜ್ ಬೇಡ. ಬೆಂಗಳೂರಿನ ಗೆಳೆಯರು ನಮ್ಮ ರೊಟ್ಟಿಯನ್ನು ಕಂಡು ಹಪ್ಪಳವೆಂದು ನಗುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಹಸಿವಾದಾಗ ಅವರೂ ಡಬ್ಬಿಗೆ ಕೈ ಹಾಕುವುದನ್ನು ನಾನು ಕಂಡಿದ್ದೇನೆ.

ಕಡಕ್ ರೊಟ್ಟಿಯನ್ನು ಇಡುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. ಊರಿಂದ ಬಂದದ್ದು ಮುಗಿದಾಗ ನಾವು ಹತ್ತಿರದ ರೊಟ್ಟಿ ಕೇಂದ್ರದಲ್ಲಿ ಕೊಳ್ಳುತ್ತೇವೆ. ಅಲ್ಲಿ ಬಡಿಯುವ ಅಕ್ಕ ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಲು ಹೋದವರನ್ನು ತಡೆದು, “ತಮ್ಮಾ, ಬಿಸಿದು ಚೀಲದಾಗ ತುಂಬಬ್ಯಾಡ, ಬೆವರತಾವು, ನಾಳಿಗೆ ಬೂಸ್ಟ್ ಬರತಾವು” ಎಂದು ಹೇಳಿ, ಬಟ್ಟೆಯ ಮೇಲೆ ಒಂದೊಂದಾಗಿ ಹರವಿ, ಪೂರ್ತಿ ಆರಿದ ಮೇಲೆಯೇ ಕಟ್ಟಿಕೊಡುತ್ತಾಳೆ. ಒಳಗೆ ಉಳಿದ ಹಬೆ ನೀರಾಗಿ ರೊಟ್ಟಿಯ ಮೇಲೆ ಕೂಡುತ್ತದೆ, ಆ ನೀರೇ ಬೂಸ್ಟಿಗೆ ದಾರಿ. ಕೋಣೆಯಲ್ಲಿ ರೊಟ್ಟಿಗಳನ್ನು ತೆಳುವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟರೆ ಬೇಸಿಗೆಯಲ್ಲಿ ತಿಂಗಳ ಮೇಲೂ ಇರುತ್ತವೆ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿದರೆ ಮತ್ತೆ ಗರಿಯಾಗುತ್ತವೆ. ಆದರೆ ಒಂದರ ಮೇಲೆ ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ಆ ಭಾಗವನ್ನು ಮುರಿದು ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ. ಕಣ್ಣಿಗೆ ಕಾಣುವ ಚುಕ್ಕೆಗಿಂತ ಬೂಸ್ಟು ಹೆಚ್ಚು ಹಬ್ಬಿರುತ್ತದೆ.

ನಾವೇ ರೊಟ್ಟಿ ಮಾಡುತ್ತೇವೆ ಎಂದು ಹಟ ಹಿಡಿದವರಿಗೆ ಒಂದು ಮಾತು: ಜೋಳದ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿಸಿ ಇಟ್ಟುಕೊಳ್ಳಬಾರದು. ಕಾಳಾಗಿರುವಾಗ ವರ್ಷ ತಡೆಯುವ ಬಿಳಿಜೋಳ ಹಿಟ್ಟಾದ ಮೇಲೆ, ಅದರ ಮೊಳಕೆಯ ಭಾಗದಲ್ಲಿರುವ ಕೊಬ್ಬು ಗಾಳಿಗೆ ತೆರೆದುಕೊಳ್ಳುವುದರಿಂದ, ಬೇಗ ಕಮಟು ಹಿಡಿಯುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ಎಷ್ಟೇ ಎಸರು ಹಾಕಿ ನಾದಿದರೂ ಬಡಿಯುವಾಗ ಅಂಚು ಹರಿಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲದ ಕಾರಣ ಕುದಿವ ನೀರಿಗೆ ಪಿಷ್ಟ ಬೆಂದು ಕೊಡುವ ಜಿಗಿಯೊಂದೇ ಅದಕ್ಕೆ ಆಧಾರ. ಆದ್ದರಿಂದ ಜೋಳವನ್ನು ಕಾಳಾಗಿಯೇ ಇಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಒಯ್ಯುವುದು ಸರಿ. ಬಡಿಯಲು ಬಾರದವರು ಅದೇ ಗಿರಣಿಯಲ್ಲಿ ಜೋಳವನ್ನು ನುಚ್ಚು ಒಡೆಸಿಕೊಳ್ಳಬಹುದು. ಒಂದು ಲೋಟ ನುಚ್ಚು, ನಾಲ್ಕು ಲೋಟ ನೀರು, ಉಪ್ಪು, ಕುಕ್ಕರಿನಲ್ಲಿ ನಾಲ್ಕು ಸೀಟಿ. ಮೇಲೆ ಮಜ್ಜಿಗೆ, ಬದಿಗೆ ಹಸಿ ಉಳ್ಳಾಗಡ್ಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೊತ್ತು ಹಸಿವು ತಡೆಯುವ ಇನ್ನೊಂದು ಊಟ ನನಗೆ ಗೊತ್ತಿಲ್ಲ.

ಹಿಂಡಿ ಕೋಣೆಯಲ್ಲೇ ಮಾಡಿಕೊಳ್ಳಬಹುದಾದ ಪದಾರ್ಥ, ಮಿಕ್ಸರ್ ಕೂಡ ಬೇಡ. ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು, ಸಿಪ್ಪೆಯ ಮೇಲೆ ಕಂದು ಮಚ್ಚೆ ಬಿದ್ದು ಕಾಳು ಬೆರಳಿಗೆ ಸಿಕ್ಕರೆ ಎರಡು ಹೋಳಾಗುವವರೆಗೆ ಹುರಿಯಬೇಕು. ಅವಸರದಲ್ಲಿ ದೊಡ್ಡ ಉರಿ ಮಾಡಿದರೆ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ, ಆ ಹಸಿಯೇ ನಾಲ್ಕು ದಿನದಲ್ಲಿ ಹಿಂಡಿಯನ್ನು ಕೆಡಿಸುತ್ತದೆ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಊದಿ, ಹುರಿದ ಜೀರಿಗೆ, ಉಪ್ಪು, ಕೆಂಪು ಖಾರ, ಬಾಣಲೆಯಲ್ಲಿ ಒಣಗುವಂತೆ ಹುರಿದ ಬೆಳ್ಳುಳ್ಳಿ ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟಬೇಕು. ಮೊದಲು ಪುಡಿಯಾಗಿ ಹಾರುವ ಶೇಂಗಾ, ಕುಟ್ಟುತ್ತ ಹೋದಂತೆ ತನ್ನದೇ ಎಣ್ಣೆ ಬಿಟ್ಟು ಒನಕೆಗೆ ಹತ್ತತೊಡಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಬೆಳ್ಳುಳ್ಳಿಯನ್ನು ಹಸಿಯಾಗಿ ಹಾಕಿದರೆ ರುಚಿ ಹೆಚ್ಚು, ಬಾಳಿಕೆ ಕಡಿಮೆ. ಹಾಗೆ ಮಾಡಿದ್ದನ್ನು ಒಂದು ವಾರದೊಳಗೆ ಮುಗಿಸಬೇಕು. ಶೇಂಗಾ ಆರಿಸುವಾಗ ಮಾತ್ರ ಜಿಪುಣತನ ಬಿಡಬೇಕು. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿಯಾದ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಇರುವ ಸಾಧ್ಯತೆ ಉಂಟು, ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಅಗಸಿ ಹಿಂಡಿಯನ್ನು ಸ್ವಲ್ಪವೇ ಮಾಡಿಕೊಳ್ಳಬೇಕು, ಏಕೆಂದರೆ ಪುಡಿಯಾದ ಅಗಸಿಯ ಎಣ್ಣೆ ಬೇಗ ಕೆಡುತ್ತದೆ.

ಒಣ ಪದಾರ್ಥಗಳ ಖಾನೆಯಲ್ಲಿ ಉಳಿದಂತೆ ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಮಡಕಿಕಾಳು, ರವೆ, ದಪ್ಪ ಅವಲಕ್ಕಿ, ಚುರಮುರಿ, ಪುಠಾಣಿ, ಹುಣಸೆಹಣ್ಣು, ಬೆಲ್ಲ ಇದ್ದರೆ ಸಾಕು. ರವೆಯನ್ನು ತಂದ ದಿನವೇ ಹುರಿದು ಆರಿಸಿ ಇಟ್ಟರೆ ಹುಳು ಬೀಳುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣದ ಮೊಟ್ಟೆಗಳು ಆ ಬಿಸಿಗೆ ಸಾಯುತ್ತವೆ. ಉಪ್ಪಿಟ್ಟು ಮಾಡುವ ಬೆಳಿಗ್ಗೆ ಅಷ್ಟು ಸಮಯವೂ ಉಳಿಯುತ್ತದೆ. ಚುರಮುರಿ ಸುಸಲಾದಂಥ ತಿಂಡಿಗೆ ಬೇಯಿಸುವ ಗೊಡವೆಯೇ ಇಲ್ಲ: ಚುರಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ-ಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಪುಠಾಣಿ ಪುಡಿ ಉದುರಿಸಿ, ಲಿಂಬೆ ಹಿಂಡಿದರೆ ಆಯಿತು. ಒಲೆ ಉರಿಯುವುದು ಐದು ನಿಮಿಷ ಮಾತ್ರ. ಬೆಳಗಿನ ಏಳರ ತರಗತಿಗೆ ಓಡುವವರಿಗೆ ಇದಕ್ಕಿಂತ ಸುಲಭದ ತಿಂಡಿ ಇಲ್ಲ. ಕಿರಾಣಿ ಸಾಮಾನನ್ನು ಒಂದು ಕೋಣೆಯವರು ಪ್ರತ್ಯೇಕವಾಗಿ ಕೊಳ್ಳುವ ಬದಲು ಅಕ್ಕಪಕ್ಕದ ಎರಡು ಕೋಣೆಯವರು ಸೇರಿ ತಿಂಗಳಿಗೊಮ್ಮೆ ಸಗಟು ಅಂಗಡಿಯಲ್ಲಿ ಕೊಂಡು ಹಂಚಿಕೊಂಡರೆ ಬೇಳೆಯಲ್ಲೇ ಸಾಕಷ್ಟು ಉಳಿಯುತ್ತದೆ. ಎಣ್ಣೆಯನ್ನು ಮಾತ್ರ ಹಂಚಿಕೊಳ್ಳಲು ಹೋಗಬೇಡಿ; ನಮ್ಮ ಓಣಿಯ ಗೆಳೆತನಗಳು ಮುರಿದದ್ದು ಹೆಚ್ಚಾಗಿ ಎಣ್ಣೆಯ ಲೆಕ್ಕದಲ್ಲೇ.

ಈಗ ಅನ್ನದ ವಿಚಾರ. ಇದರಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಕುದಿಯುವ ಬಿಸಿಗೆ ಸಾಯುವುದಿಲ್ಲ. ಅನ್ನ ಬೆಂದು ಉಗುರುಬೆಚ್ಚಗಾಗಿ ಹಾಗೆಯೇ ಉಳಿದಾಗ ಅವು ಮೊಳೆತು ವೃದ್ಧಿಯಾಗುತ್ತವೆ, ಹೊಟ್ಟೆ ತೊಳಸಿ ವಾಂತಿ ತರಿಸುವ ವಿಷವೊಂದನ್ನು ಉಂಟುಮಾಡುತ್ತವೆ. ಆ ವಿಷ ಒಮ್ಮೆ ಹುಟ್ಟಿತೆಂದರೆ ಮತ್ತೆ ಕುದಿಸಿದರೂ, ಎಣ್ಣೆ ಕಾಯಿಸಿ ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ಹೀಗಾಗಿ ರಾತ್ರಿಯ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿ, ‘ಚೆನ್ನಾಗಿ ಹುರಿದಿದ್ದೇನೆ, ಏನೂ ಆಗುವುದಿಲ್ಲ’ ಎನ್ನುವ ಧೈರ್ಯಕ್ಕೆ ಆಧಾರವಿಲ್ಲ. ಒಂದರಿಂದ ಆರು ತಾಸಿನೊಳಗೆ ವಾಂತಿ ಶುರುವಾದರೆ ಜನ ಆ ದಿನ ಹೊರಗೆ ತಿಂದ ಪಾನಿಪುರಿಯನ್ನು ಬೈಯುತ್ತಾರೆಯೇ ಹೊರತು ಮನೆಯ ಅನ್ನವನ್ನು ಶಂಕಿಸುವುದಿಲ್ಲ. ಬೇಯಿಸಿದ ಆಹಾರಕ್ಕೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಅಪಾಯದ ವಲಯ. ಫ್ರಿಜ್ ಇಲ್ಲದ ಕೋಣೆ ಎಂದರೆ ಅಡುಗೆ ಆರಿದ ಕ್ಷಣದಿಂದ ಆ ವಲಯದೊಳಗೇ ಇದೆ ಎಂದು ತಿಳಿಯಬೇಕು. ಎರಡು ತಾಸಿನೊಳಗೆ ಉಂಡು ಮುಗಿಸುವುದು ರೂಢಿಯಾಗಬೇಕು.

ಹಳ್ಳಿಯ ಹಿರಿಯರು ತಂಗಳನ್ನ ಉಣ್ಣುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ಅನ್ನಕ್ಕೆ ನೀರು ಹಾಕಿಯೋ ಮಜ್ಜಿಗೆ ಬೆರೆಸಿಯೋ ಇಡುತ್ತಿದ್ದರು. ಹುಳಿ ಏರಿದಂತೆ ಕೆಡಿಸುವ ಜೀವಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಒಣಗಿ ಮುಚ್ಚಿಟ್ಟ ಕುಕ್ಕರಿನ ಅನ್ನಕ್ಕೂ ಹುಳಿಗಟ್ಟಿದ ತಂಗಳಿಗೂ ಈ ವ್ಯತ್ಯಾಸ ಇದೆ. ಆದರೂ ನನ್ನ ಸಲಹೆ ಅಳತೆಯದ್ದು. ಒಬ್ಬರಿಗೆ ಒಂದು ಹೊತ್ತಿಗೆ 75ರಿಂದ 100 ಗ್ರಾಂ ಅಕ್ಕಿ ಸಾಕು. ಚಹಾ ಕುಡಿಯುವ ಸಣ್ಣ ಲೋಟವೊಂದನ್ನು ಅಳತೆಗೆಂದು ಅಕ್ಕಿಯ ಡಬ್ಬಿಯಲ್ಲೇ ಬಿಟ್ಟು, ಅದನ್ನು ಮೀರದೆ ಹಾಕಿದರೆ ಮಿಗುವ ಪ್ರಶ್ನೆಯೇ ಬರುವುದಿಲ್ಲ. ಕೊರತೆ ಬಿದ್ದರೆ ಡಬ್ಬಿಯಲ್ಲಿ ರೊಟ್ಟಿ ಇದ್ದೇ ಇದೆ. ನಮ್ಮ ಕೋಣೆಯಲ್ಲಿ ಹಸಿ ಅಡುಗೆಯನ್ನು ಯಾವಾಗಲೂ ಒಂದು ಮುಷ್ಟಿ ಕಡಿಮೆಯೇ ಮಾಡುತ್ತೇವೆ, ಉಳಿದ ಹಸಿವನ್ನು ಒಣ ಖಾನೆಗೆ ಬಿಡುತ್ತೇವೆ. ಇದರಿಂದ ಚೆಲ್ಲುವುದು ಬಹುತೇಕ ನಿಂತಿದೆ.

ಕಾಯಿಪಲ್ಯದ ಖರ್ಚು ವಾರದ ದಿನಕ್ಕಿಂತ ಕೊಳ್ಳುವ ವೇಳೆಯ ಮೇಲೆ ನಿಂತಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸುಭಾಷ ರಸ್ತೆಯ ಪೇಟೆಯ ಕಡೆ ಹೋದರೆ, ಮರಳಿ ಹೊತ್ತುಕೊಂಡು ಹೋಗಲು ಮನಸ್ಸಿಲ್ಲದ ಮಾರಾಟಗಾರರು ತೂಕ ಬಿಟ್ಟು ಗುಂಪಿ ಲೆಕ್ಕದಲ್ಲಿ ಕೊಡುತ್ತಾರೆ. ಹಾಗೆ ಕೊಂಡದ್ದರಲ್ಲಿ ತಪ್ಪಲು ಪಲ್ಯವನ್ನು ಆ ರಾತ್ರಿಯೇ, ಬದನೆ, ಬೆಂಡೆಯನ್ನು ಮರುದಿನ, ಸೌತೆ, ಮೂಲಂಗಿಯನ್ನು ಅದರ ಮರುದಿನ ಮುಗಿಸಬೇಕು. ಕುಂಬಳ, ಗೆಣಸು, ಆಲೂಗಡ್ಡೆ, ಉಳ್ಳಾಗಡ್ಡಿಗಳು ಕೊನೆಗೆ. ಉಳ್ಳಾಗಡ್ಡಿ ಮತ್ತು ಆಲೂಗಡ್ಡೆಯನ್ನು ಒಂದೇ ಬುಟ್ಟಿಯಲ್ಲಿ ಇಡದೆ ಬೇರೆ ಬೇರೆಯಾಗಿ, ಗಾಳಿ ಆಡುವ ಕತ್ತಲೆಯ ಜಾಗದಲ್ಲಿ ಇಡಬೇಕು. ಬೆಳಕಿಗೆ ಬಿದ್ದು ಹಸಿರಾದ ಆಲೂಗಡ್ಡೆ ಅಡುಗೆಗೆ ಬೇಡ, ಅದರಲ್ಲಿ ಸೊಲನಿನ್ ಎಂಬ ವಿಷದ ಅಂಶ ಕೂಡಿರುತ್ತದೆ. ಹಸಿಮೆಣಸಿನಕಾಯಿಯ ತೊಟ್ಟು ಕಿತ್ತು, ಒದ್ದೆ ಇಲ್ಲದಂತೆ ಒರೆಸಿ, ಕಾಗದ ಹಾಸಿದ ಡಬ್ಬಿಯಲ್ಲಿಟ್ಟರೆ ಕೊಳೆಯುವುದು ತಡವಾಗುತ್ತದೆ. ಕೊತ್ತಂಬರಿಯ ಬೇರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಕಿಟಕಿಯ ನೆರಳಿನಲ್ಲಿ ನಿಲ್ಲಿಸಬಹುದು, ನೀರು ದಿನವೂ ಬದಲಾಗಬೇಕು. ಹಣ್ಣಾದ ಬಾಳೆಯನ್ನು ಉಳಿದವುಗಳ ಪಕ್ಕದಲ್ಲಿ ಇಡಬಾರದು. ಅದು ಬಿಡುವ ಎಥಿಲೀನ್ ಅನಿಲಕ್ಕೆ ಟೊಮೆಟೊ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ.

ಕಾಯಿಪಲ್ಯ ದುಬಾರಿಯಾದ ವಾರಗಳಲ್ಲಿ ಕಾಳುಗಳೇ ಗತಿ. ಮಡಕಿಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದರೆ ಬೇಸಿಗೆಯಲ್ಲಿ ಒಂದು ದಿನಕ್ಕೆ, ಚಳಿಗಾಲದಲ್ಲಿ ಎರಡು ದಿನಕ್ಕೆ ಮೊಳಕೆ ಬರುತ್ತದೆ. ಒಂದು ಮುಷ್ಟಿ ಕಾಳು ಮೊಳಕೆಯೊಡೆದು ಒಂದು ಬಟ್ಟಲು ತುಂಬುತ್ತದೆ. ಒದ್ದೆಯಾಗಿ ಬೆಚ್ಚಗಿರುವ ಮೊಳಕೆ ಬ್ಯಾಕ್ಟೀರಿಯಾಗಳಿಗೂ ಹಿತವಾದ ಜಾಗವಾದ್ದರಿಂದ ಹಸಿಯಾಗಿ ತಿನ್ನದೆ ಬೇಯಿಸಿಯೇ ಪಲ್ಯ ಮಾಡುವುದು ಕ್ಷೇಮ. ಏನೂ ಇಲ್ಲದ ದಿನ ಝುಣಕ: ಉಳ್ಳಾಗಡ್ಡಿಯ ಒಗ್ಗರಣೆಗೆ ನೀರು ಕುದಿಸಿ ಕಡಲೆಹಿಟ್ಟು ತಿರುವಿದರೆ ಹತ್ತು ನಿಮಿಷದಲ್ಲಿ ರೊಟ್ಟಿಗೆ ಜೊತೆಯಾಗುತ್ತದೆ.

ಹಾಲಿನ ಸಂಗತಿ ಸರಳ. ಅರ್ಧ ಲೀಟರಿನ ಪೊಟ್ಟಣವನ್ನು ತಂದ ಕೂಡಲೇ ಕಾಯಿಸಿ, ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು ಆರಿಸಿ, ಚಹಾಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದಕ್ಕೆ ಹೆಪ್ಪು ಹಾಕಿಬಿಡುವುದು ಒಳ್ಳೆಯದು. ಹಾಲನ್ನು ಹಾಲಾಗಿಯೇ ಮರುದಿನಕ್ಕೆ ಉಳಿಸುವ ಹೋರಾಟ ಫ್ರಿಜ್ ಇಲ್ಲದವರಿಗೆ ಹೇಳಿದ್ದಲ್ಲ. ಮೊಸರಾದರೆ ಅದು ಎರಡನೆಯ ದಿನ ಮಜ್ಜಿಗೆ, ಹುಳಿ ಹೆಚ್ಚಾದ ಮೂರನೆಯ ದಿನ ಕಡಲೆಹಿಟ್ಟು ಕಲಸಿದ ಮಜ್ಜಿಗೆ ಸಾರು. ಒಬ್ಬರೇ ಇರುವವರಿಗೆ ನಂದಿನಿಯ ಗುಡ್‌ಲೈಫ್ ತರಹದ, ಅತಿ ಹೆಚ್ಚು ಉಷ್ಣದಲ್ಲಿ ಸಂಸ್ಕರಿಸಿದ ಹಾಲಿನ ಪೊಟ್ಟಣಗಳು ಅನುಕೂಲ, ಒಡೆಯುವವರೆಗೆ ಅವು ಹೊರಗೇ ಇರಬಲ್ಲವು. ಒಡೆದ ಮೇಲೆ ಅವಕ್ಕೂ ಸಾಮಾನ್ಯ ಹಾಲಿನ ಗತಿಯೇ. ತತ್ತಿಗಳನ್ನು ಬೇಸಿಗೆಯಲ್ಲಿ ಒಂದು ಡಜನ್ ತಂದಿಡುವ ಬದಲು ಎರಡು ದಿನಕ್ಕಾಗುವಷ್ಟು ತರುವುದು, ಹಳದಿ ಗಟ್ಟಿಯಾಗುವವರೆಗೆ ಬೇಯಿಸುವುದು ಸಾಕು. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆ ತತ್ತಿಯ ವಯಸ್ಸನ್ನು ಹೇಳುತ್ತದೆ, ಅದರೊಳಗೆ ರೋಗಾಣು ಇದೆಯೇ ಎಂಬುದನ್ನು ಹೇಳುವುದಿಲ್ಲ.

ಉರುವಲಿನ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಎರಡು ದಾರಿಗಳಿವೆ. ವಿಳಾಸದ ದಾಖಲೆ ಇಲ್ಲದವರಿಗೂ ಗುರುತಿನ ಚೀಟಿ ತೋರಿಸಿದರೆ ಅನಿಲ ಏಜೆನ್ಸಿಗಳಲ್ಲಿ 5 ಕಿಲೋ ಸಿಲಿಂಡರ್ ಸಿಗುತ್ತದೆ, ಮನೆಬಳಕೆಯ 14.2 ಕಿಲೋ ಸಿಲಿಂಡರಿಗೆ ಹೋಲಿಸಿದರೆ ಕಿಲೋ ಲೆಕ್ಕದಲ್ಲಿ ತುಟ್ಟಿ, ಆದರೆ ಕಾನೂನಿಗೆ ಒಪ್ಪುವಂಥದ್ದು. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಅನಿಲ ತುಂಬಿಕೊಡುವ ಸಂದಿಯ ಅಂಗಡಿಗಳು ಅಗ್ಗವೆಂದು ಕಾಣುತ್ತವೆ. ಸೋರಿಕೆ ನೋಡುವವರಿಲ್ಲದ ಆ ಸಿಲಿಂಡರನ್ನು ಮಂಚದ ಪಕ್ಕದಲ್ಲಿಟ್ಟು ಮಲಗುವುದು ಅಪಾಯ, ಹಾಗೆ ತುಂಬುವುದು ಅಪರಾಧ ಕೂಡ. ಎರಡನೆಯದು ಇಂಡಕ್ಷನ್ ಒಲೆ. 1500 ವ್ಯಾಟಿನ ಒಲೆ 40 ನಿಮಿಷ ಉರಿದರೆ ಒಂದು ಯೂನಿಟ್. ಇಬ್ಬರ ಒಂದು ಹೊತ್ತಿನ ಅನ್ನ ಬೇಳೆಗೆ ಅಷ್ಟು ಬೇಕಾಗುವುದಿಲ್ಲ. ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್ಟುಗಳು ಬಾಡಿಗೆದಾರರಿಗೂ ಅನ್ವಯಿಸುತ್ತವೆ, ಆದರೆ ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇರುವ ಕಡೆ ಆ ಲಾಭ ಕೋಣೆಯವರೆಗೆ ಇಳಿದು ಬರುವುದಿಲ್ಲ. ನಾನು ಮೊದಲು ಇದ್ದ ಕಟ್ಟಡದಲ್ಲಿ ಮಾಲಕರು ಇಂಡಕ್ಷನ್ ಇಡುವವರಿಂದ ತಿಂಗಳಿಗೆ ಬೇರೆಯೇ ದುಡ್ಡು ಕೇಳುತ್ತಿದ್ದರು. ಒಲೆ ಯಾವುದೇ ಇರಲಿ, ಮೂರು ಲೀಟರಿನ ಕುಕ್ಕರ್ ಮತ್ತು ಅದರೊಳಗೆ ಒಂದರ ಮೇಲೊಂದು ಕೂಡುವ ಎರಡು ಡಬ್ಬಿಗಳಿಗೆ ಹಾಕಿದ ದುಡ್ಡು ಬೇಗ ಮರಳಿ ಬರುತ್ತದೆ: ಕೆಳಗೆ ಅರ್ಧ ತಾಸು ನೆನೆಸಿದ ಬೇಳೆ, ಮೇಲೆ ಅಕ್ಕಿ, ಬದಿಯಲ್ಲಿ ಒಂದು ಆಲೂಗಡ್ಡೆ. ಸೀಟಿ ಮುಗಿದ ಮೇಲೆ ಒಲೆ ಆರಿಸಿ ಒತ್ತಡ ತಾನಾಗಿಯೇ ಇಳಿಯಲು ಬಿಟ್ಟರೆ ಕೊನೆಯ ಹತ್ತು ನಿಮಿಷದ ಬೇಯುವಿಕೆ ಪುಕ್ಕಟೆ.

ತಂಪಿಗೆ ಮಣ್ಣಿನ ಮಡಕೆಯನ್ನು ನೆಚ್ಚಬಹುದೇ ಎಂದರೆ, ಋತು ನೋಡಿ ಉತ್ತರ ಹೇಳಬೇಕು. ದೊಡ್ಡ ಮಡಕೆಯೊಳಗೆ ಸಣ್ಣದನ್ನು ಕೂಡಿಸಿ, ನಡುವೆ ಮರಳು ತುಂಬಿ ನೀರುಣಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿದರೆ, ಆವಿಯಾಗುವ ನೀರು ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಾರ್ಚ್ ಏಪ್ರಿಲ್‌ನ ಒಣ ಹವೆಯಲ್ಲಿ ಟೊಮೆಟೊ, ಕೊತ್ತಂಬರಿ, ಮೊಸರಿಗೆ ಇದು ಒಳ್ಳೆಯ ಆಸರೆ. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದಲ್ಲಿ ಜೂನಿನಿಂದ ಜಿಟಿಜಿಟಿ ಮಳೆ ಹಿಡಿದ ಮೇಲೆ ಗಾಳಿಯಲ್ಲೇ ನೀರು ತುಂಬಿರುವುದರಿಂದ ಮಡಕೆ ಕೆಲಸ ಮಾಡುವುದಿಲ್ಲ. ಬೇಯಿಸಿದ ಅನ್ನ ಪಲ್ಯವನ್ನು ಉಳಿಸುವಷ್ಟು ತಂಪು ಅದರಿಂದ ಯಾವ ಋತುವಿನಲ್ಲೂ ಸಿಗದು. ಮಹಡಿಯ ನಾಲ್ಕಾರು ಕೋಣೆಯವರು ಸೇರಿ ಹಳೆಯ ಒಂಟಿ ಬಾಗಿಲಿನ ಫ್ರಿಜ್ ಕೊಳ್ಳುವುದು ಇತ್ತೀಚೆಗೆ ಕಾಣುತ್ತಿದೆ. ಒಳ್ಳೆಯದೇ, ಆದರೆ ಡಬ್ಬಿಯ ಮೇಲೆ ಹೆಸರು ಮತ್ತು ತಾರೀಖು ಬರೆದ ಪಟ್ಟಿ ಇಲ್ಲದಿದ್ದರೆ ಅದು ಯಾರದ್ದೂ ಅಲ್ಲದ ಕೊಳೆತ ಸಾರುಗಳ ಗೋದಾಮು ಆಗುತ್ತದೆ.

ಹಬ್ಬಕ್ಕೋ ರಜೆಗೋ ಊರಿಗೆ ಹೋಗುವ ವಾರ ಹೊಸದಾಗಿ ಏನನ್ನೂ ಕೊಳ್ಳದೆ, ಬುಟ್ಟಿಯಲ್ಲಿ ಉಳಿದ ಕಾಯಿಪಲ್ಯವನ್ನೆಲ್ಲ ಒಂದೇ ಬೇಳೆಸಾರಿಗೆ ಹಾಕಿ ಮುಗಿಸುತ್ತೇವೆ. ಮೊಸರಿನ ಹೆಪ್ಪನ್ನು ಪಕ್ಕದ ಕೋಣೆಯವರಿಗೆ ಕೊಟ್ಟರೆ ಮರಳಿ ಬಂದಾಗ ಅವರಿಂದಲೇ ಸಿಗುತ್ತದೆ. ಅಕ್ಕಿ, ಕಾಳಿನ ಡಬ್ಬಿಗಳಲ್ಲಿ ನಾಲ್ಕು ಒಣಮೆಣಸಿನಕಾಯಿ ಅಥವಾ ಒಣಗಿದ ಬೇವಿನೆಲೆ ಹಾಕಿ ಮುಚ್ಚಳ ಬಿಗಿ ಮಾಡಬೇಕು. ಹಿಂಡಿ ಒಂದಿಷ್ಟೇ ಉಳಿದಿದ್ದರೆ ಬಿಟ್ಟುಹೋಗದೆ ಬಸ್ಸಿನ ದಾರಿಗೆ ಕಟ್ಟಿಕೊಳ್ಳಬಹುದು. ಕುಕ್ಕರಿನ ರಬ್ಬರ್ ತೆಗೆದು ಒರೆಸಿ ಹೊರಗಿಡುವುದು, ಕಸದ ಬುಟ್ಟಿ ಖಾಲಿ ಮಾಡುವುದು, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದು, ಈ ಮೂರನ್ನು ಬೀಗ ಹಾಕುವವರು ನೋಡಿಕೊಳ್ಳಬೇಕು. ಮೊದಲು ಹೊರಡುವವರು ಪಾತ್ರೆ ತೊಳೆದು ಹೋಗಬೇಕೆಂಬ ನಿಯಮವೂ ನಮ್ಮ ಕೋಣೆಯಲ್ಲಿದೆ, ಅದು ಇನ್ನೂ ಸರಿಯಾಗಿ ಜಾರಿಗೆ ಬಂದಿಲ್ಲ.